ಮನೆ ಮಾರುವವನು ಎಷ್ಟು ಹೇಳಬೇಕು?



ನಿಮ್ಮಲ್ಲಿ ಹೆಚ್ಚಿನವರು ಇನ್ನೂ ಮನೆ ಕೊಂಡವರಲ್ಲ, ಮಾರಿದವರಂತೂ ಅಲ್ಲವೇ ಅಲ್ಲ. ಆದರೆ ಮನೆ ನೋಡಲು ಯಾರಾದರೂ ಬಂದಾಗ ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕುಳಿತು, ಓದುವವರಂತೆ ನಟಿಸುತ್ತ, ಹಿರಿಯರ ಮಾತನ್ನೆಲ್ಲ ಕೇಳಿಸಿಕೊಂಡವರು ಕೆಲವರಾದರೂ ಇದ್ದೀರಿ. ಅಂಥ ಮಾತುಕತೆಯಲ್ಲಿ ಒಂದು ವಿಚಿತ್ರವಿರುತ್ತದೆ. ಅಲ್ಲಿ ಆಡಿದ ಮಾತಿಗಿಂತ ಆಡದೆ ಬಿಟ್ಟ ಮಾತೇ ಹೆಚ್ಚು. ಕೊಳ್ಳುವವನು ತನ್ನ ಜೇಬಿನಲ್ಲಿ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ಮಾರುವವನು ತನಗೆ ಎಷ್ಟು ಅವಸರವಿದೆ ಎಂಬುದನ್ನು ಹೇಳುವುದಿಲ್ಲ. ಇವೆರಡನ್ನೂ ಲೋಕ ಒಪ್ಪಿಕೊಂಡಿದೆ. ಆದರೆ ಮನೆಯಲ್ಲೇ ಒಂದು ದೋಷವಿದ್ದು, ಅದು ಮಾರುವವನಿಗೆ ಮಾತ್ರ ಗೊತ್ತಿದ್ದರೆ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ತುಮಕೂರಿನಲ್ಲಿ ನಮ್ಮ ತಂದೆ ಕಟ್ಟಿಸಿದ್ದ ಮನೆಯನ್ನು ನಾವು ಮಕ್ಕಳು ಮಾರಬೇಕಾಗಿ ಬಂತು. ಆ ಮನೆಯ ಹಿಂದಿನ ಕೋಣೆಯ ಪಶ್ಚಿಮದ ಗೋಡೆ ಪ್ರತಿ ಮಳೆಗಾಲದಲ್ಲೂ ನೆಲದಿಂದ ಮೊಳಕಾಲೆತ್ತರದವರೆಗೆ ಒದ್ದೆಯಾಗುತ್ತಿತ್ತು. ನಾನು ಓದಿದ್ದು ವಿಜ್ಞಾನವಾದ್ದರಿಂದ ಕಾರಣ ಗೊತ್ತಿತ್ತು. ಬುನಾದಿಯ ಮೇಲೆ ತೇವವನ್ನು ತಡೆಯುವ ಪದರವನ್ನು ಹಾಕಿರಲಿಲ್ಲ. ಇಟ್ಟಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರು, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರುತ್ತಿತ್ತು. ಆರಿದ ಮೇಲೆ ಗೋಡೆಯ ಮೇಲೆ ಬಿಳಿಯ ಉಪ್ಪು ಹೂವಿನಂತೆ ಅರಳಿರುತ್ತಿತ್ತು. ಫೆಬ್ರವರಿಯಲ್ಲಿ ಇದ್ಯಾವುದರ ಸುಳಿವೂ ಇರುವುದಿಲ್ಲ. ಕೊಳ್ಳುವವರು ಬಂದದ್ದು ಫೆಬ್ರವರಿಯಲ್ಲಿ. ಮಧ್ಯವರ್ತಿ ನಮಗೆ ಕೊಟ್ಟ ಸಲಹೆ ಚಿಕ್ಕದು: ಸುಣ್ಣ ಬಳಿಸಿ, ಆ ಗೋಡೆಗೆ ಒಂದು ಬೀರು ಒರಗಿಸಿ, ಕೇಳಿದ್ದಕ್ಕಷ್ಟೇ ಉತ್ತರ ಕೊಡಿ.

ನಿವೃತ್ತ ಶಾಲಾ ಶಿಕ್ಷಕರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಬಾವಿಯ ನೀರು ಹೇಗೆ, ಬಸ್ಸು ಎಷ್ಟು ದೂರ, ತೆಂಗಿನ ಮರ ಎಷ್ಟು ಕಾಯಿ ಬಿಡುತ್ತದೆ ಎಂದೆಲ್ಲ ಕೇಳಿದರು. ಗೋಡೆಯನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ಮುಂದೇನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಅದೇ ವಾರ ನಮ್ಮ ಸಂವಾದ ಮಾಲಿಕೆಗಾಗಿ ಪ್ರಾಚೀನ ಕಾಲದ ಕೊಡುಕೊಳ್ಳುವಿಕೆಯ ಬಗ್ಗೆ ಒಂದು ಕಂತನ್ನು ಸಿದ್ಧಪಡಿಸುತ್ತಿದ್ದೆ. ಓದಬೇಕಾಗಿ ಬಂದ ಪುಸ್ತಕಗಳಲ್ಲಿ ನಮ್ಮ ಪಶ್ಚಿಮದ ಗೋಡೆಯೇ ಮತ್ತೆ ಮತ್ತೆ ಎದುರಾಯಿತು. ಕಾರ್ಯಕ್ರಮದ ಇಪ್ಪತ್ತೆಂಟು ನಿಮಿಷದಲ್ಲಿ ಹಿಡಿಸದೆ ಉಳಿದದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ರೋಮ್‌ಗೆ ಹೋಗೋಣ. ಕ್ರಿ.ಪೂ. 44ರ ಶರತ್ಕಾಲ. ಜೂಲಿಯಸ್ ಸೀಸರನ ಕೊಲೆಯಾಗಿ ಕೆಲವು ತಿಂಗಳುಗಳಷ್ಟೇ ಕಳೆದಿವೆ. ರಾಜಕೀಯದಿಂದ ಹೊರಗೆ ನಿಂತಿದ್ದ ಮುದಿ ವಕೀಲ ಸಿಸೆರೊ ತನ್ನ ಮಗನಿಗೆ ಒಂದು ದೀರ್ಘ ಪತ್ರವನ್ನು ಬರೆಯುತ್ತಿದ್ದಾನೆ. ಮಗ ಅಥೆನ್ಸಿನಲ್ಲಿ ತತ್ತ್ವಶಾಸ್ತ್ರ ಓದುತ್ತಿರುವ ವಿದ್ಯಾರ್ಥಿ, ಹೆಚ್ಚುಕಡಿಮೆ ನಿಮ್ಮ ವಯಸ್ಸಿನವನೇ. ಆ ಪತ್ರವೇ ‘ಕರ್ತವ್ಯಗಳನ್ನು ಕುರಿತು’ ಎಂಬ ಮೂರು ಭಾಗಗಳ ಗ್ರಂಥ. ಅದರ ಮೂರನೆಯ ಭಾಗದಲ್ಲಿ ಸಿಸೆರೊ ಒಂದು ಮನೆಯನ್ನು ಕಲ್ಪಿಸಿಕೊಳ್ಳುತ್ತಾನೆ. ಮನೆ ಅನಾರೋಗ್ಯಕರವಾದದ್ದು, ಆದರೆ ಜನ ಅದನ್ನು ಒಳ್ಳೆಯದೆಂದೇ ತಿಳಿದಿದ್ದಾರೆ. ಎಲ್ಲ ಮಲಗುವ ಕೋಣೆಗಳಲ್ಲೂ ಹಾವು ಕಾಣಿಸಿಕೊಳ್ಳುತ್ತವೆ. ಮರಮುಟ್ಟು ಕೆಟ್ಟು, ಮನೆ ಬೀಳುವ ಹಾಗಿದೆ. ಇದು ಯಜಮಾನನೊಬ್ಬನಿಗೆ ಮಾತ್ರ ಗೊತ್ತು. ಅವನು ಏನನ್ನೂ ಹೇಳದೆ, ತಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚಿನ ಬೆಲೆಗೆ ಮಾರಿಬಿಟ್ಟರೆ ಅದು ಅನ್ಯಾಯವೆ?

ಈ ಪ್ರಶ್ನೆಯ ಮೇಲೆ ಇಬ್ಬರು ತತ್ತ್ವಜ್ಞಾನಿಗಳು ವಾದಿಸಿದ್ದರು. ಅವರು ಗುರು ಶಿಷ್ಯರು ಎಂಬುದೇ ಸ್ವಾರಸ್ಯ. ಗುರು ಬ್ಯಾಬಿಲೋನಿನ ಡಯೋಜೆನಿಸ್, ಶಿಷ್ಯ ಆಂಟಿಪೇಟರ್. ಇವರದು ಸಿಸೆರೊಗಿಂತ ನೂರು ವರ್ಷ ಹಿಂದಿನ ಕಾಲ. (ಪೀಪಾಯಿಯಲ್ಲಿ ವಾಸಿಸುತ್ತಿದ್ದ ಡಯೋಜೆನಿಸ್ ಬೇರೆ, ಈತ ಬೇರೆ. ಪರೀಕ್ಷೆಯಲ್ಲಿ ಬೆರೆಸಿಬಿಡಬೇಡಿ.) ಶಿಷ್ಯನ ವಾದ ನೇರವಾಗಿತ್ತು. ದಾರಿ ತಪ್ಪಿದವನಿಗೆ ದಾರಿ ತೋರದವನನ್ನು ಅಥೆನ್ಸಿನಲ್ಲಿ ಸಾರ್ವಜನಿಕವಾಗಿ ಶಪಿಸುತ್ತಾರೆ. ಗೊತ್ತಿದ್ದೂ ಸುಮ್ಮನಿದ್ದು ಕೊಳ್ಳುವವನನ್ನು ತಪ್ಪು ದಾರಿಗೆ ಬಿಡುವುದು ಅದಕ್ಕಿಂತಲೂ ಕೆಟ್ಟದ್ದು. ಗುರುವಿನ ಉತ್ತರವನ್ನು ಕೇಳಿದರೆ ನಮ್ಮ ತುಮಕೂರಿನ ಮಧ್ಯವರ್ತಿಯೇ ಎದ್ದು ಬಂದಂತೆ ಭಾಸವಾಗುತ್ತದೆ. ಕೊಳ್ಳು ಎಂದು ಯಾರೂ ಬಲವಂತ ಮಾಡಲಿಲ್ಲ. ಅವನಿಗೆ ಬೇಡದಿದ್ದನ್ನು ಇವನು ಮಾರಿದ, ಇವನಿಗೆ ಬೇಕಿದ್ದುದನ್ನು ಇವನೇ ಕೊಂಡ. ನೋಡಿ ತೀರ್ಮಾನಿಸುವ ಕಣ್ಣು ಕೊಳ್ಳುವವನಿಗೂ ಇದೆಯಲ್ಲ? ಅನಾರೋಗ್ಯಕರ ಮನೆ ಮಾರಾಟಕ್ಕಿದೆ ಎಂದು ಡಂಗುರ ಹೊಡೆಸುವ ಮೂರ್ಖ ಎಲ್ಲಾದರೂ ಉಂಟೆ? ಹೀಗೆ ಸಾಗುತ್ತದೆ ಗುರುವಿನ ಮಾತು.

ಇಲ್ಲಿ ನಾನು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಮೊದಲ ಓದಿಗೆ ನನಗೆ ಡಯೋಜೆನಿಸನೇ ಸರಿ ಎನಿಸಿದ್ದ. ನನ್ನ ಮನೆ ಮಾರಾಟಕ್ಕಿತ್ತಲ್ಲ!

ಸಿಸೆರೊ ಶಿಷ್ಯನ ಪಕ್ಷ. ಆದರೆ ಅವನು ಎಳೆಯುವ ಗೆರೆ ಸೂಕ್ಷ್ಮವಾದದ್ದು. ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ ಎನ್ನುತ್ತಾನೆ. ನಿನಗೆ ಗೊತ್ತಿರುವ ಸಂಗತಿಯನ್ನು ತಿಳಿಯುವುದರಲ್ಲಿ ಯಾರಿಗೆ ಹಿತವಿದೆಯೋ, ಅವರನ್ನು ನಿನ್ನ ಲಾಭಕ್ಕಾಗಿಯೇ ಕತ್ತಲಲ್ಲಿಟ್ಟರೆ ಅದು ಮುಚ್ಚಿಡುವುದು. ಹಾಗೆಂದಮೇಲೆ ಬೀರು ಒರಗಿಸಿದ್ದು ಯಾವ ಕಡೆಗೆ ಬೀಳುತ್ತದೆ ಎಂಬುದನ್ನು ನೀವೇ ಹೇಳಬಲ್ಲಿರಿ.

ಈ ವಾದಕ್ಕಿಂತ ಸೊಗಸಾಗಿರುವುದು ಅದರ ಬೆನ್ನಿಗೇ ಬರುವ ಒಂದು ಕತೆ. ಗಾಯಸ್ ಕ್ಯಾನಿಯಸ್ ಎಂಬ ರೋಮನ್ ಗೃಹಸ್ಥ, ಹಾಸ್ಯಪ್ರಿಯ, ಓದುಬರಹ ಬಲ್ಲವನು, ವಿಶ್ರಾಂತಿಗೆಂದು ಸಿಸಿಲಿಯ ಸಿರಾಕ್ಯೂಸ್ ನಗರಕ್ಕೆ ಹೋದ. ಅಲ್ಲೊಂದು ಚಿಕ್ಕ ತೋಟದ ಮನೆಯನ್ನು ಕೊಳ್ಳುವ ಆಸೆ ಅವನಿಗೆ. ಊರಿನ ಲೇವಾದೇವಿಗಾರ ಪೈಥಿಯಸನಿಗೆ ಇದು ತಿಳಿಯಿತು. ಅವನು ಏನು ಮಾಡಿದ ನೋಡಿ. ನನ್ನ ತೋಟ ಮಾರಾಟಕ್ಕಿಲ್ಲ, ಆದರೆ ನಿಮ್ಮದೆಂದೇ ತಿಳಿದು ಬಳಸಿಕೊಳ್ಳಿ ಎಂದು ಹೇಳಿ, ಮಾರನೆಯ ದಿನ ಊಟಕ್ಕೆ ಕರೆದ. ಆ ಬಳಿಕ ಊರಿನ ಬೆಸ್ತರನ್ನೆಲ್ಲ ಕರೆಸಿ, ನಾಳೆ ನನ್ನ ತೋಟದ ಮುಂದೆಯೇ ಮೀನು ಹಿಡಿಯಬೇಕೆಂದು ಕೇಳಿಕೊಂಡ. ಕ್ಯಾನಿಯಸ್ ಹೇಳಿದ ಹೊತ್ತಿಗೆ ಬಂದ. ಒಳ್ಳೆಯ ಊಟ. ಕಣ್ಣ ಮುಂದೆ ದೋಣಿಗಳ ಸಾಲು. ಒಬ್ಬೊಬ್ಬ ಬೆಸ್ತನೂ ಹಿಡಿದ ಮೀನನ್ನು ತಂದು ಪೈಥಿಯಸನ ಪಾದದ ಬಳಿ ಸುರಿಯುತ್ತಿದ್ದಾನೆ. ಇದೇನಿದು ಎಂದು ಕೇಳಿದರೆ, ಸಿರಾಕ್ಯೂಸಿನ ಮೀನೆಲ್ಲ ಇರುವುದೇ ಇಲ್ಲಿ, ಈ ಜಾಗವಿಲ್ಲದೆ ಬೆಸ್ತರಿಗೆ ಬದುಕಿಲ್ಲ ಎಂಬ ಉತ್ತರ. ಕ್ಯಾನಿಯಸ್ ಕರಗಿಹೋದ. ಮಾರಿಬಿಡು ಎಂದು ದುಂಬಾಲು ಬಿದ್ದ. ಪೈಥಿಯಸ್ ಮೊದಮೊದಲು ಒಪ್ಪಲಿಲ್ಲ. ಒಪ್ಪದಿರುವುದು ಅಂಥವರ ಕಸುಬಿನ ಮುಖ್ಯ ಭಾಗ. ಕೊನೆಗೆ ಪೈಥಿಯಸ್ ಹೇಳಿದ ಬೆಲೆಗೆ, ಪೀಠೋಪಕರಣಗಳ ಸಮೇತ ತೋಟ ಕ್ಯಾನಿಯಸನ ಪಾಲಾಯಿತು.

ಮರುದಿನ ಕ್ಯಾನಿಯಸ್ ಸ್ನೇಹಿತರನ್ನು ಕರೆದು ತಾನೂ ಬೇಗನೆ ಬಂದು ಕುಳಿತ. ಒಂದು ದೋಣಿಯೂ ಇಲ್ಲ. ಬೆಸ್ತರಿಗೆ ಇಂದೇನು ಹಬ್ಬವೆ ಎಂದು ನೆರೆಯವನನ್ನು ಕೇಳಿದ. ನನಗೆ ತಿಳಿದಂತೆ ಹಬ್ಬವೇನಿಲ್ಲ, ಇಲ್ಲಿ ಯಾರೂ ಮೀನು ಹಿಡಿಯುವುದೇ ಇಲ್ಲ, ನಿನ್ನೆ ಏನಾಯಿತೋ ಎಂದು ನನಗೇ ಆಶ್ಚರ್ಯವಾಗಿತ್ತು ಎಂದ ಆ ನೆರೆಯವ. ಕ್ಯಾನಿಯಸ್ ಕೆರಳಿದ. ಆದರೆ ಮಾಡುವುದೇನು? ಇಂಥ ಮೋಸಕ್ಕೆ ಪರಿಹಾರ ಕೊಡಿಸುವ ಕಾನೂನಿನ ಸೂತ್ರಗಳು ಆಗಿನ್ನೂ ಬಂದಿರಲಿಲ್ಲ. ಅವನ್ನು ರೂಪಿಸಿದವನು ಸಿಸೆರೊನ ಗೆಳೆಯ, ಅಧಿಕಾರದಲ್ಲಿ ಅವನ ಸಹೋದ್ಯೋಗಿಯೂ ಆಗಿದ್ದ ಅಕ್ವಿಲಿಯಸ್. ತೋರಿಸುವುದು ಒಂದು, ಮಾಡುವುದು ಇನ್ನೊಂದು ಆದಾಗ ಅದು ವಂಚನೆ ಎಂದು ಅವನು ವ್ಯಾಖ್ಯಾನಿಸಿದ.

ಈ ಕತೆಯಲ್ಲಿ ಎಲ್ಲರೂ ಪೈಥಿಯಸನನ್ನು ನೋಡುತ್ತಾರೆ. ನೀವು ಸ್ವಲ್ಪ ಆ ನೆರೆಯವನನ್ನು ನೋಡಿ. ಅವನಿಗೆ ಎಲ್ಲವೂ ಗೊತ್ತಿತ್ತು. ಕ್ಯಾನಿಯಸ್ ಒಂದು ದಿನ ಮುಂಚೆ ಅವನನ್ನು ಕೇಳಿದ್ದರೆ ಸಾಕಿತ್ತು. ಈ ನೆರೆಯವನನ್ನು ನೆನಪಿಟ್ಟುಕೊಳ್ಳಿ, ನಮ್ಮ ದೇಶಕ್ಕೆ ಬಂದಾಗ ಅವನ ಅಗತ್ಯ ಬೀಳುತ್ತದೆ.

ಪೈಥಿಯಸನದು ನಾಟಕ. ಬರಿಯ ಮೌನಕ್ಕೇ ಬೆಲೆ ತೆರಬೇಕಾದ ಮೊಕದ್ದಮೆಯೊಂದನ್ನೂ ಸಿಸೆರೊ ದಾಖಲಿಸಿದ್ದಾನೆ. ರೋಮ್‌ನ ಸೀಲಿಯನ್ ಗುಡ್ಡದ ಮೇಲೆ ಕ್ಲಾಡಿಯಸ್ ಸೆಂಟುಮಾಲಸನ ಎತ್ತರದ ಕಟ್ಟಡವಿತ್ತು. ಕೋಟೆಯ ಮೇಲೆ ನಿಂತು ಹಕ್ಕಿಗಳ ಹಾರಾಟದಿಂದ ಶಕುನ ನೋಡುವ ಅಧಿಕಾರಿಗಳಿಗೆ ಅದು ಅಡ್ಡವಾಯಿತು. ಅಡ್ಡವಾದ ಭಾಗವನ್ನು ಕೆಡವಬೇಕೆಂದು ಅವರು ಆಜ್ಞೆ ಮಾಡಿದರು. ಕ್ಲಾಡಿಯಸ್ ಕೆಡವಲಿಲ್ಲ, ಮಾರಾಟಕ್ಕಿಟ್ಟ. ಕ್ಯಾಲ್ಪುರ್ನಿಯಸ್ ಲನೇರಿಯಸ್ ಎಂಬವನು ಕೊಂಡ. ಶಕುನದವರು ಅವನಿಗೂ ಅದೇ ಆಜ್ಞೆ ಕೊಟ್ಟರು, ಅವನು ಕೆಡವಿದ. ಆಮೇಲೆ ತಿಳಿಯಿತು, ಮಾರಾಟದ ಪ್ರಕಟಣೆ ಹೊರಟದ್ದೇ ಆಜ್ಞೆ ಬಂದ ಮೇಲೆ ಎಂದು. ವ್ಯಾಜ್ಯ ನ್ಯಾಯಕ್ಕೆ ಹೋಯಿತು. ತೀರ್ಪುಗಾರ ಮಾರ್ಕಸ್ ಕೇಟೊ, ಅಂದರೆ ನಿಮ್ಮ ಪಠ್ಯಗಳಲ್ಲಿ ಸೀಸರನ ವಿರೋಧಿಯಾಗಿ ಬರುವ ಕೇಟೊನ ತಂದೆ. ಮಾರುವಾಗ ವಿಷಯ ಗೊತ್ತಿತ್ತು, ಹೇಳಲಿಲ್ಲ, ಆದ್ದರಿಂದ ನಷ್ಟವನ್ನು ತುಂಬಿಕೊಡತಕ್ಕದ್ದು ಎಂಬುದು ಅವನ ತೀರ್ಪು. ಹಳೆಯ ಹನ್ನೆರಡು ಫಲಕಗಳ ಕಾನೂನಿನಲ್ಲಿ ಬಾಯಿಬಿಟ್ಟು ಆಡಿದ ಮಾತಿಗೆ ಮಾತ್ರ ಹೊಣೆಯಿತ್ತು. ಮೌನಕ್ಕೂ ಹೊಣೆಯಿದೆ ಎಂಬುದನ್ನು ನಂತರದ ನ್ಯಾಯವೇತ್ತರು ಸೇರಿಸುತ್ತ ಬಂದರು. ಚರಿತ್ರೆಯಲ್ಲಿ ಇದು ಯುದ್ಧದಂತೆ ಸದ್ದು ಮಾಡುವ ಘಟನೆಯಲ್ಲ. ಆದರೆ ಯಾವ ಯುದ್ಧಕ್ಕಿಂತಲೂ ಹೆಚ್ಚು ಮನೆಗಳೊಳಗೆ ಇದು ಹೊಕ್ಕಿದೆ.

ಇಷ್ಟೆಲ್ಲ ಉಪದೇಶಿಸಿದ ಸಿಸೆರೊ ಮನೆ ಕೊಳ್ಳುವುದರಲ್ಲಿ ಹೇಗಿದ್ದ? ಕ್ರಿ.ಪೂ. 62ರಲ್ಲಿ ಪ್ಯಾಲಟೈನ್ ಗುಡ್ಡದ ಮೇಲೆ ಕ್ರಾಸಸನಿಗೆ ಸೇರಿದ್ದ ಮನೆಯನ್ನು 35 ಲಕ್ಷ ಸೆಸ್ಟರ್ಸ್‌ಗೆ ಕೊಂಡ, ಅದೂ ಸಾಲ ಮಾಡಿ. ಯಾರಾದರೂ ಪಿತೂರಿಗೆ ಸೇರಿಸಿಕೊಂಡರೆ ಸಂತೋಷದಿಂದ ಸೇರುವಷ್ಟು ಸಾಲಗಾರನಾಗಿದ್ದೇನೆ ಎಂದು ಗೆಳೆಯನಿಗೆ ತಮಾಷೆಯಾಗಿ ಬರೆದ. ನಾಲ್ಕು ವರ್ಷದಲ್ಲಿ ರಾಜಕೀಯ ವೈರಿ ಕ್ಲೋಡಿಯಸ್ ಆ ಮನೆಯನ್ನು ನೆಲಸಮ ಮಾಡಿಸಿದ. ಇರಲಿ.

ಈಗ ನಮ್ಮ ಕಡೆಗೆ ಬರೋಣ. ಅದಕ್ಕೆ ಮೈಸೂರಿನ ಮೂಲಕವೇ ಬರಬೇಕು. 1891ರಲ್ಲಿ ಸ್ಥಾಪನೆಯಾದ ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ಕೊಟ್ಟರು. ಗ್ರಂಥ ಲಿಪಿಯಲ್ಲಿದ್ದ ಆ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರ ಎಂದು 1905ರಲ್ಲಿ ಗುರುತಿಸಿದವರು ಅಲ್ಲಿ ಗ್ರಂಥಪಾಲಕರಾಗಿದ್ದ ರುದ್ರಪಟ್ಟಣದ ಶಾಮಾಶಾಸ್ತ್ರಿಗಳು. 1909ರಲ್ಲಿ ಅದು ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಬಂತು. ಈ ಗ್ರಂಥದ ಕಾಲದ ಬಗ್ಗೆ ಚರ್ಚೆ ಇನ್ನೂ ಮುಗಿದಿಲ್ಲ. ಸಂಪ್ರದಾಯ ಇದನ್ನು ಚಂದ್ರಗುಪ್ತ ಮೌರ್ಯನ ಮಂತ್ರಿಗೆ ಸೇರಿಸುತ್ತದೆ. ಇಂದು ಹಲವು ವಿದ್ವಾಂಸರು ಈಗಿರುವ ರೂಪ ಕ್ರಿಸ್ತಶಕದ ಮೊದಲ ಶತಮಾನಗಳದ್ದು ಎನ್ನುತ್ತಾರೆ. ಅರ್ಥಶಾಸ್ತ್ರವೆಂದರೆ ಗೂಢಚಾರರು, ಷಾಡ್ಗುಣ್ಯ, ಸಪ್ತಾಂಗ ಎಂದಷ್ಟೇ ನಾವು ಓದಿ ಮರೆಯುತ್ತೇವೆ. ಅದರ ಮೂರನೆಯ ಅಧಿಕರಣದಲ್ಲಿ ಮನೆ ಮಾರುವ ವಿಧಾನವಿದೆ, ಅದನ್ನು ಕೇಳಿ.

ಮನೆ ಮಾರಬೇಕಾದರೆ ಮೊದಲು ಕೇಳಬೇಕಾದವರು ದಾಯಾದಿಗಳು, ಆಮೇಲೆ ನೆರೆಹೊರೆಯವರು, ಆಮೇಲೆ ಸಾಲ ಕೊಟ್ಟವರು. ಇವರಾರೂ ಬೇಡವೆಂದರೆ ಹೊರಗಿನವರು. ಮಾರಾಟ ನಡೆಯಬೇಕಾದದ್ದು ಯಾರದೋ ಕೋಣೆಯೊಳಗೆ ಪಿಸುಮಾತಿನಲ್ಲಿ ಅಲ್ಲ, ಆ ಮನೆಯ ಮುಂದೆಯೇ, ನೆರೆಹೊರೆಯ ನಲವತ್ತು ಕುಟುಂಬಗಳವರ ಸಮ್ಮುಖದಲ್ಲಿ. ಈ ಬೆಲೆಗೆ ಇದನ್ನು ಯಾರು ಕೊಳ್ಳುತ್ತೀರಿ ಎಂದು ಮೂರು ಸಲ ಕೂಗಬೇಕು. ಯಾರೂ ಆಕ್ಷೇಪಿಸದಿದ್ದರೆ ಕೊಳ್ಳುವವನು ಕೊಳ್ಳಬಹುದು. ಪೈಪೋಟಿಯಿಂದ ಬೆಲೆ ಏರಿದರೆ? ಏರಿದ ಹಣ, ಸುಂಕದೊಡನೆ, ರಾಜನ ಬೊಕ್ಕಸಕ್ಕೆ!

ಈ ಕೊನೆಯ ನಿಯಮವನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆ. ಮೇಲ್ನೋಟಕ್ಕೆ ಇದು ರಾಜನ ದುರಾಸೆ, ಅದರಲ್ಲಿ ಸಂಶಯವಿಲ್ಲ. ಆದರೆ ಇದರ ಪರಿಣಾಮವನ್ನು ಯೋಚಿಸಿ. ಬೆಲೆ ಏರಿದರೆ ಮಾರುವವನಿಗೆ ಚಿಕ್ಕಾಸೂ ಸಿಗುವುದಿಲ್ಲವಾದರೆ, ಅವನು ಬೆಸ್ತರನ್ನು ಕರೆಸಿ ನಾಟಕವಾಡಿಸುವುದೇಕೆ? ಗೋಡೆಗೆ ಬೀರು ಒರಗಿಸಿ ಪೈಪೋಟಿ ಹುಟ್ಟಿಸುವುದೇಕೆ? ಮೊದಲು ಕೂಗುವ ಬೆಲೆಯನ್ನೇ ಹೆಚ್ಚಿಸಿ ಹೇಳಬಹುದಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಆದರೆ ಎದುರಿಗೆ ನಿಂತಿರುವವರು ಯಾರು? ನಲವತ್ತು ಮನೆಯವರು. ಯಾವ ಕೋಣೆಯಲ್ಲಿ ಹಾವು ಬಂದಿತ್ತು, ಯಾವ ಗೋಡೆ ತೇವ, ಯಾವ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಎಲ್ಲ ಬಲ್ಲವರು. ಸಿರಾಕ್ಯೂಸಿನಲ್ಲಿ ಒಂದು ದಿನ ತಡವಾಗಿ ಬಾಯಿಬಿಟ್ಟ ಆ ನೆರೆಯವನನ್ನು, ನಲವತ್ತರಿಂದ ಗುಣಿಸಿ, ಮಾರಾಟಕ್ಕೆ ಮುಂಚೆಯೇ ತಂದು ನಿಲ್ಲಿಸಿದಂತಾಯಿತು. ರೋಮ್‌ನವರು ಮಾರುವವನ ಮನಸ್ಸಾಕ್ಷಿಯನ್ನು ನ್ಯಾಯಾಲಯದಲ್ಲಿ ಹುಡುಕಿದರು. ಅರ್ಥಶಾಸ್ತ್ರ ಮನಸ್ಸಾಕ್ಷಿಯನ್ನು ನಂಬುವ ಗೋಜಿಗೇ ಹೋಗಲಿಲ್ಲ, ಬೀದಿಯನ್ನೇ ಸಾಕ್ಷಿಗೆ ಕರೆಯಿತು. ಯಾವುದು ಮೇಲು ಎಂಬುದನ್ನು ನಿಮ್ಮ ತರಗತಿಯಲ್ಲಿ ಚರ್ಚಿಸಿ. ಒಂದು ಮಾತು ಮಾತ್ರ ಮರೆಯಬೇಡಿ. ದಾಯಾದಿಗೂ ನೆರೆಯವನಿಗೂ ಮೊದಲ ಹಕ್ಕು ಕೊಟ್ಟ ಬೀದಿ, ತನಗೆ ಬೇಡವಾದ ಹೊಸಬನನ್ನು ಹೊರಗಿಡಲೂ ಬಲ್ಲದು. ಎಲ್ಲರಿಗೂ ಎಲ್ಲ ಗೊತ್ತಿರುವ ಊರಿನಲ್ಲಿ ಮನೆ ಸಿಗದೆ ತಿರುಗಿದವರ ಕತೆ ನಮ್ಮಲ್ಲಿ ಕಡಿಮೆಯಿಲ್ಲ.

ಬೀದಿಯ ಸಾಕ್ಷಿಯ ವಿಚಾರ ಅಲ್ಲಿಗೇ ನಿಲ್ಲಲಿಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ (1076ರಿಂದ 1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನವನ್ನು ಬರೆದ. ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಯನ್ನು ಶತಮಾನಗಳ ಕಾಲ ಹಂಚಿದ ಪುಸ್ತಕ ಹುಟ್ಟಿದ್ದು ಇಂದಿನ ಬಸವಕಲ್ಯಾಣದಲ್ಲಿ. ಭೂಮಿ ಒಬ್ಬರಿಂದೊಬ್ಬರಿಗೆ ದಾಟಲು ಊರು, ಬಂಧುಗಳು, ನೆರೆಯವರು, ದಾಯಾದಿಗಳು ಒಪ್ಪಬೇಕು, ಚಿನ್ನ ಮತ್ತು ನೀರನ್ನು ಧಾರೆ ಎರೆಯಬೇಕು ಎಂಬ ಹಳೆಯ ವಚನವನ್ನು ಅವನು ಎತ್ತಿಕೊಂಡು, ಒಂದೊಂದಕ್ಕೂ ಕಾರಣ ಕೊಡುತ್ತಾನೆ. ಊರಿನ ಒಪ್ಪಿಗೆ ಬೇಕಾದದ್ದು ಅದಿಲ್ಲದೆ ಮಾರಾಟವೇ ಆಗದು ಎಂದಲ್ಲ, ವ್ಯವಹಾರ ಎಲ್ಲರಿಗೂ ಗೊತ್ತಾಗಲಿ ಎಂದು. ನೆರೆಯವರ ಒಪ್ಪಿಗೆ ಎಲ್ಲೆಯ ಜಗಳ ಬಾರದಿರಲಿ ಎಂದು. ಚಿನ್ನ ಮತ್ತು ನೀರು ಏಕೆ? ಸ್ಥಿರಾಸ್ತಿಯನ್ನು ಮಾರಬಾರದು ಎಂಬ ಮಾತೂ ಶಾಸ್ತ್ರದಲ್ಲಿತ್ತು, ದಾನ ಮಾಡಬಹುದೆಂಬ ಹೊಗಳಿಕೆಯೂ ಇತ್ತು. ಆದ್ದರಿಂದ ಮಾರಲೇಬೇಕಾದವನು ಮಾರಾಟಕ್ಕೆ ದಾನದ ಉಡುಪು ತೊಡಿಸಲಿ ಎಂದು. ಶಾಸ್ತ್ರ ಮತ್ತು ಬದುಕು ಎದುರುಬದುರಾದಾಗ ನಮ್ಮವರು ಎಷ್ಟು ಜಾಣತನದಿಂದ ಸಂಧಾನ ಮಾಡಿಸುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ನಿಮ್ಮ ಮನೆಯಲ್ಲಿ ಹಳೆಯ ಕ್ರಯಪತ್ರವಿದ್ದರೆ, ಹಿರಿಯರ ಅನುಮತಿ ಪಡೆದು ತೆಗೆದು ಓದಿ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಪದಗಳ ಸಾಲು ಅದರಲ್ಲಿ ಸಿಕ್ಕೀತು. ಇದಕ್ಕೆ ಅಷ್ಟಭೋಗ ಎಂದು ಹೆಸರು. ವಿಜಯನಗರದ ಕಾಲದ ಶಾಸನಗಳಲ್ಲಿ ಕಲ್ಲಿನ ಮೇಲೆ ಇರುವ ಮಾತುಗಳೇ ಛಾಪಾಕಾಗದದ ಮೇಲೂ ಇಳಿದು ಬಂದಿವೆ. ನೆಲದಡಿ ಹೂತಿಟ್ಟ ಹಣದಿಂದ ಹಿಡಿದು, ನೀರು, ಕಲ್ಲು, ಈಗ ದಕ್ಕಿರುವುದು, ಮುಂದೆ ದಕ್ಕಬಹುದಾದದ್ದು, ಎಲ್ಲವೂ ಕೊಂಡವನದು ಎಂದು ಇದರ ಅರ್ಥ. (ಇಂದಿನ ಕಾನೂನಿನಲ್ಲಿ ನಿಧಿ ಸಿಕ್ಕರೆ ಸರಕಾರಕ್ಕೆ ತಿಳಿಸಲೇಬೇಕು, ಆ ಸಾಲನ್ನು ನಂಬಿ ಅಗೆಯಲು ಹೋಗಬೇಡಿ.) ಈ ಪಟ್ಟಿಯಲ್ಲಿ ಮನೆಯ ಗುಣಗಳೆಲ್ಲ ಇವೆ, ದೋಷಗಳ ಸುದ್ದಿಯೇ ಇಲ್ಲ. ಅದನ್ನು ಬೀದಿಯವರು ಹೇಳುತ್ತಾರೆಂದು ಬರೆಯುವವರು ನಂಬಿದ್ದರೋ ಏನೋ.

ದೋಷ ಗೋಡೆಯಲ್ಲೇ ಇರಬೇಕೆಂದಿಲ್ಲ, ಹಕ್ಕಿನಲ್ಲೂ ಇರಬಹುದು. ಬೆಂಗಳೂರಿನ ಕತೆಯನ್ನೇ ತೆಗೆದುಕೊಳ್ಳಿ. ಶಹಾಜಿಯ ಮಗ ಏಕೋಜಿ ತಂಜಾವೂರಿನಲ್ಲಿ ನೆಲೆನಿಂತ ಮೇಲೆ ದೂರದ ಬೆಂಗಳೂರನ್ನು ಕಾಯುವುದು ಅವನಿಗೆ ಹೊರೆಯಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ 3 ಲಕ್ಷ ರೂಪಾಯಿಗೆ ಮಾರುವ ಮಾತುಕತೆ ನಡೆದಿತ್ತೆಂದು ಚರಿತ್ರೆಕಾರ ವಿಲ್ಕ್ಸ್ ಬರೆಯುತ್ತಾನೆ. ಮಾತು ಮುಗಿದು ಹಸ್ತಾಂತರವಾಗುವುದರೊಳಗೆ, 1687ರ ಜುಲೈಯಲ್ಲಿ, ಔರಂಗಜೇಬನ ಸೇನಾಪತಿ ಖಾಸಿಂ ಖಾನ್ ಬಂದು ಕೋಟೆಯನ್ನು ಹಿಡಿದ. ಕೊನೆಗೆ ಅದೇ ಬೆಲೆಗೆ ಊರು ಮೈಸೂರಿನ ಕೈ ಸೇರಿತು, ಆದರೆ ಹಣ ಪಡೆದವರು ಮೊಗಲರು. ಸರಕು ಅದೇ, ಬೆಲೆ ಅದೇ, ಕೊಳ್ಳುವವನೂ ಅದೇ, ಮಾರುವವನು ಮಾತ್ರ ಬೇರೆ. ಇಂದು ನಾವು ಋಣಭಾರ ಪತ್ರ ತೆಗೆಸುವುದು ಇಂಥ ಆಘಾತ ಬೇಡವೆಂದೇ. ನೋಂದಾಯಿತ ವ್ಯವಹಾರಗಳನ್ನು ಅದು ತೋರಿಸುತ್ತದೆ. ಸೇನೆಯನ್ನೂ ಗೋಡೆಯ ತೇವವನ್ನೂ ಅದು ತೋರಿಸದು.

ಇನ್ನು ಇಂದಿಗೂ ನಮ್ಮನ್ನು ಆಳುತ್ತಿರುವ ಕಾನೂನಿಗೆ ಬರೋಣ. ಡಯೋಜೆನಿಸ್ ಮತ್ತು ಆಂಟಿಪೇಟರ್ ಇಬ್ಬರೂ ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಗೆದ್ದರು, ಹತ್ತು ವರ್ಷಗಳ ಅಂತರದಲ್ಲಿ. 1872ರ ಕರಾರು ಅಧಿನಿಯಮದ 17ನೆಯ ಕಲಮಿನ ಪ್ರಕಾರ ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲ. ಜತೆಗೆ ಕೊಟ್ಟಿರುವ ದೃಷ್ಟಾಂತಗಳು ಸ್ವಾರಸ್ಯವಾಗಿವೆ. ಒಬ್ಬನು ಹರಾಜಿನಲ್ಲಿ ಕುದುರೆ ಮಾರುತ್ತಾನೆ. ಅದಕ್ಕೆ ದೋಷವಿದೆ, ಅವನು ಹೇಳುವುದಿಲ್ಲ, ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗತಾನೆ ಪ್ರಾಪ್ತವಯಸ್ಕಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಬೆಲೆ ಬದಲಾಗುವ ಗುಟ್ಟಿನ ಸುದ್ದಿ ತಿಳಿದ ವ್ಯಾಪಾರಿ ಎದುರಿನ ವ್ಯಾಪಾರಿಗೆ ಅದನ್ನು ತಿಳಿಸಬೇಕಾಗಿಲ್ಲ ಎಂದೂ ಅಲ್ಲಿದೆ. ಸಿಸೆರೊನ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ಪ್ರಸಂಗ ಬರುತ್ತದೆ. ಬರಗಾಲದ ರೋಡ್ಸ್ ದ್ವೀಪಕ್ಕೆ ಧಾನ್ಯ ತಂದ ವರ್ತಕ, ಹಿಂದೆಯೇ ಇನ್ನಷ್ಟು ಹಡಗುಗಳು ಬರುತ್ತಿವೆಯೆಂದು ಹೇಳಬೇಕೆ ಎಂಬ ಪ್ರಶ್ನೆ ಅದು. 1872 ಗುರುವಿನ ವರ್ಷ ಎಂದಿಟ್ಟುಕೊಳ್ಳಿ.

1882ರ ಸ್ವತ್ತು ವರ್ಗಾವಣೆ ಅಧಿನಿಯಮ ಮನೆ ಮತ್ತು ಜಮೀನಿನ ಮಟ್ಟಿಗೆ ಶಿಷ್ಯನ ಪಕ್ಷ ಹಿಡಿಯಿತು. ಅದರ 55ನೆಯ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಸ್ವತ್ತಿನಲ್ಲಾಗಲಿ ಅದರ ಮೇಲಿನ ಹಕ್ಕಿನಲ್ಲಾಗಲಿ ಇರುವ ಮುಖ್ಯವಾದ ದೋಷ ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವನ ಕಣ್ಣಿಗೆ ಬೀಳುವಂಥದಲ್ಲದಿದ್ದರೆ, ಮಾರುವವನೇ ಅದನ್ನು ತಿಳಿಸಬೇಕು. ತಿಳಿಸದಿದ್ದರೆ ಅದು ವಂಚನೆ. ಇದರ ಇನ್ನೊಂದು ಮುಖವನ್ನು ಬಹಳ ಜನ ಗಮನಿಸುವುದಿಲ್ಲ. ಸ್ವತ್ತಿನಲ್ಲಿ ಮಾರುವವನಿಗಿರುವ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿಯ ಬಗ್ಗೆ ಅವನಿಗೇ ಗೊತ್ತಿಲ್ಲದ, ಆದರೆ ಕೊಳ್ಳುವವನಿಗೆ ಗೊತ್ತಿರುವ, ಬೆಲೆಯನ್ನು ಹೆಚ್ಚಿಸುವ ಸಂಗತಿಯಿದ್ದರೆ ಕೊಳ್ಳುವವನು ಅದನ್ನು ಹೇಳಬೇಕು. ಹಿತ್ತಾಳೆಯೆಂದು ತಿಳಿದು ಚಿನ್ನವನ್ನು ಮಾರುತ್ತಿರುವವನಿಗೆ, ಅದು ಚಿನ್ನವಯ್ಯ ಎಂದು ಹೇಳಬೇಕೆ ಎಂದು ಸಿಸೆರೊ ಕೇಳಿದ್ದ. ಕಾನೂನು ಅಷ್ಟು ದೂರ ಹೋಗದಿದ್ದರೂ ಅದೇ ದಿಕ್ಕಿಗೆ ಮುಖ ಮಾಡಿದೆ.

ಕುದುರೆಗೆ ಒಂದು ನ್ಯಾಯ, ಮನೆಗೆ ಒಂದು ನ್ಯಾಯ ಏಕೆ? ನನಗೆ ತೋಚುವ ಉತ್ತರ ಇದು. ಕುದುರೆಯನ್ನು ಒಂದು ದಿನ ಓಡಿಸಿ ನೋಡಬಹುದು. ಮನೆಯನ್ನು ಎಲ್ಲ ಋತುಗಳಲ್ಲೂ ಬಾಳಿ ನೋಡಿ ಆಮೇಲೆ ಕೊಳ್ಳುವ ಅನುಕೂಲ ಯಾರಿಗೂ ಇಲ್ಲ. ಮಳೆಗಾಲದ ಗೋಡೆಯನ್ನು ಫೆಬ್ರವರಿಯಲ್ಲಿ ನೋಡುವವನಿಗೆ ಮಾರುವವನ ನಾಲಿಗೆಯೊಂದೇ ಆಧಾರ.

ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಶಿಕ್ಷಕರು ಎರಡನೆಯ ಸಲ ಬಂದದ್ದು ಮುಂಗಡದ ಹಣ ತೆಗೆದುಕೊಂಡು. ಮಗಳು ಆ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, ಇಲ್ಲಿ ನನ್ನ ಪುಸ್ತಕದ ಕಪಾಟು ಇಟ್ಟುಕೊಳ್ಳುತ್ತೇನೆ ಎಂದಳು. ಅವಳು ಕೈ ತೋರಿಸಿದ್ದು ಪಶ್ಚಿಮದ ಗೋಡೆಯನ್ನೇ. ನಾನು ಬೀರನ್ನು ಸರಿಸಿದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಇಷ್ಟೆತ್ತರ ನೀರೇರುತ್ತದೆ, ಇಲ್ಲಿ ಪುಸ್ತಕ ಇಡಬೇಡ ಎಂದೆ. ಶಿಕ್ಷಕರು ಬೆರಳಿನಿಂದ ಗೋಡೆಯನ್ನು ಕೆರೆದು ನೋಡಿದರು. ಸುಣ್ಣದ ಕೆಳಗಿನ ಗಾರೆ ಪುಡಿಪುಡಿಯಾಗಿ ಉದುರಿತು. ಮುಂಗಡದ ಹಣವನ್ನು ಜೇಬಿಗೆ ಹಾಕಿಕೊಂಡು, ಯೋಚಿಸಿ ತಿಳಿಸುತ್ತೇನೆ ಎಂದು ಹೊರಟುಹೋದರು.

ಹನ್ನೊಂದು ದಿನ ಸುದ್ದಿಯಿಲ್ಲ. ನನ್ನ ತಮ್ಮ ಆ ಹನ್ನೊಂದು ದಿನ ನನ್ನೊಡನೆ ಮಾತಾಡಿದ್ದು ಕಡಿಮೆ. ಅವನಿಗೆ ಹಣದ ಅಗತ್ಯ ನನಗಿಂತ ಹೆಚ್ಚಾಗಿತ್ತು ಎಂಬುದನ್ನೂ ನಾನು ಇಲ್ಲಿ ಹೇಳಲೇಬೇಕು. ಹನ್ನೆರಡನೆಯ ದಿನ ಶಿಕ್ಷಕರು ಒಬ್ಬ ಗಾರೆಯವನನ್ನು ಕರೆತಂದು ಗೋಡೆಯನ್ನು ತೋರಿಸಿ, ದುರಸ್ತಿಯ ಲೆಕ್ಕ ಹಾಕಿಸಿ, ಬೆಲೆಯಲ್ಲಿ 1 ಲಕ್ಷ 80 ಸಾವಿರ ಕಡಿಮೆ ಮಾಡಬೇಕೆಂದರು. ನಾವು 1 ಲಕ್ಷ 40 ಸಾವಿರ ಎಂದೆವು. 1 ಲಕ್ಷ 60 ಸಾವಿರಕ್ಕೆ ಮಾತು ನಿಂತಿತು. ಕ್ರಯಪತ್ರವನ್ನು ಬರೆಯುವವರು ನಿಧಿ ನಿಕ್ಷೇಪಗಳ ಆ ಸಾಲನ್ನು ಒಂದೇ ಉಸಿರಿನಲ್ಲಿ ಓದಿ ಮುಗಿಸಿದರು. ಗೋಡೆಯ ಬಗ್ಗೆಯೂ ಒಂದು ಸಾಲು ಸೇರಿಸಿ ಎಂದು ನಾನು ಕೇಳಿದಾಗ, ಇಷ್ಟು ವರ್ಷದಲ್ಲಿ ಹೀಗೆ ಬರೆಸಿದವರಿಲ್ಲ ಎಂದು ಕನ್ನಡಕದ ಮೇಲಿನಿಂದ ನೋಡಿದರು, ಆದರೂ ಬರೆದರು.

ಹಣ ಹಂಚುವ ದಿನ ನನ್ನ ತಮ್ಮ, ಆ 1 ಲಕ್ಷ 60 ಸಾವಿರ ಯಾರ ಪಾಲಿನಿಂದ ಹೋಗಬೇಕು ಎಂದು ಕೇಳಿದ. ನನ್ನ ಪಾಲಿನಿಂದ ಎಂದೆ. ಅವನು ಒಪ್ಪಿಕೊಂಡ.